ಹೊಸ ಜಾಗದ ಮೊದಲ ರಾತ್ರಿ

ಬೇಸಿಗೆಯ ರಜೆಯನ್ನು ಕುರಿತು ಬರೆಯುವವರೆಲ್ಲ ಸಾಮಾನ್ಯವಾಗಿ ಹಗಲನ್ನು ಕುರಿತೇ ಬರೆಯುತ್ತಾರೆ. ಮಾವಿನ ತೋಪು, ಕೆರೆಯ ಏರಿ, ಅಜ್ಜಿಯ ಕೈತುತ್ತು, ಹತ್ತಿದ ಬೆಟ್ಟ, ಕಂಡ ಸಮುದ್ರ ಇವೆಲ್ಲ ಬರವಣಿಗೆಯಲ್ಲಿಯೂ ಬರುತ್ತವೆ, ಭಾವಚಿತ್ರಗಳಲ್ಲಿಯೂ ಉಳಿಯುತ್ತವೆ. ರಜೆಯ ರಾತ್ರಿಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಪರವೂರಿನ ಮನೆಯಲ್ಲಿ, ವಸತಿಗೃಹದ ಕೋಣೆಯಲ್ಲಿ, ರೈಲಿನ ಡಬ್ಬಿಯಲ್ಲಿ ನಡುರಾತ್ರಿ ಕಳೆದರೂ ಕಣ್ಣು ಮುಚ್ಚದೆ ಅಳುವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವ ತಾಯಿಯ ಭಾವಚಿತ್ರವನ್ನು ತೆಗೆದಿರಿಸಿಕೊಂಡ ಕುಟುಂಬವನ್ನು ನಾನಂತೂ ಕಂಡಿಲ್ಲ. ಆದರೆ ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ರಜೆ ಸುಖವಾಯಿತೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಆ ರಾತ್ರಿಗಳಲ್ಲಿಯೇ.

ನಾನಿರುವುದು ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. 2015ರಲ್ಲಿ ನಾಡಪ್ರಭು ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದ ಮೇಲೆ ಈ ಸಣ್ಣ ಊರಿನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅದನ್ನು ನೋಡಲೆಂದು ದೂರದಿಂದಲೂ ಜನ ಬರತೊಡಗಿದರು. ಅದಕ್ಕೆ ಮುಂಚೆ ಇಲ್ಲಿಗೆ ಪರವೂರಿನಿಂದ ಬರುತ್ತಿದ್ದವರೆಂದರೆ ನೆಂಟರು ಮಾತ್ರ. ಈಗಲೂ ಏಪ್ರಿಲ್ ಮುಗಿಯುವ ಹೊತ್ತಿಗೆ ಊರಿನ ಅರ್ಧದಷ್ಟು ಮನೆಗಳಲ್ಲಿ ಬೆಂಗಳೂರಿನ ಮೊಮ್ಮಕ್ಕಳ ಚಪ್ಪಲಿಗಳು ಜಗುಲಿಯ ಕೆಳಗೆ ಸಾಲಾಗಿ ಬಿದ್ದಿರುತ್ತವೆ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದ ನನಗೆ ಮಕ್ಕಳ ಹಗಲು ಚೆನ್ನಾಗಿ ಗೊತ್ತು. ಅವರ ರಾತ್ರಿಯನ್ನು ಕಲಿತದ್ದು ಮೊಮ್ಮಕ್ಕಳು ಬಂದ ಮೇಲೆ.

2024ರ ಮೇ ತಿಂಗಳಲ್ಲಿ ನನ್ನ ಮಗಳು ಇಬ್ಬರು ಮಕ್ಕಳೊಂದಿಗೆ ಹತ್ತು ದಿನದ ಮಟ್ಟಿಗೆ ಬಂದಳು. ಹಿರಿಯವಳಿಗೆ ಆಗ ಮೂರೂ ಮುಕ್ಕಾಲು ವರ್ಷ. ಕಿರಿಯವನಿಗೆ ಹದಿನಾಲ್ಕು ತಿಂಗಳು. ಬೆಂಗಳೂರಿನಿಂದ ಇಲ್ಲಿಗಿರುವ ದೂರ ಹೆಚ್ಚಲ್ಲ, ಆದರೆ ಊರು ದಾಟುವಷ್ಟರಲ್ಲಿಯೇ ಕಾಲು ಹಗಲು ಕಳೆದುಹೋಗುತ್ತದೆ. ಸಂಜೆ ಐದಕ್ಕೆ ಹೊರಟ ಕಾರಿನಲ್ಲಿ ಮಕ್ಕಳಿಬ್ಬರೂ ಗಾಢವಾಗಿ ನಿದ್ದೆ ಮಾಡಿದ್ದರು. ಏಳೂವರೆಗೆ ನಮ್ಮ ಬಾಗಿಲಲ್ಲಿ ಇಳಿದಾಗ ಕಣ್ಣುಗಳಲ್ಲಿ ಬೆಳಗಿನ ಹೊಳಪು. ಎಲ್ಲರೂ ಸಂತೋಷಪಟ್ಟೆವು. ರಾತ್ರಿ ಹನ್ನೊಂದರ ಹೊತ್ತಿಗೆ ಆ ಸಂತೋಷ ಉಳಿದಿರಲಿಲ್ಲ.

ಹಿರಿಯವಳು ಚಾಪೆಯ ಮೇಲೆ ಎದ್ದು ಕುಳಿತು ಪ್ರತಿಯೊಂದು ಸದ್ದಿಗೂ "ಅದೇನು?" ಎಂದು ಕೇಳತೊಡಗಿದಳು. ಹಂಚಿನ ಮಾಡಿನಲ್ಲಿ ಹಲ್ಲಿ ಲೊಚಗುಟ್ಟಿತು, ಅದೇನು? ನಾಯಿ ಬೊಗಳಿತು, ಅದ್ಯಾಕೆ? ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಹೆದರಿಸಿದ್ದು ಕಿಟಕಿಯಾಚೆಯಿಂದ ಬರುತ್ತಿದ್ದ ಒಂದು ಸಣ್ಣ ಸರಸರ ಸದ್ದು. ಹೊರಗೆ ಮಳೆ ಇರಲಿಲ್ಲ. ಆದರೂ ಎಲೆಗಳ ಮೇಲೆ ತುಂತುರು ಬಿದ್ದಂತೆ ನಿಲ್ಲದೆ ಕೇಳುತ್ತಿತ್ತು. ರಾಮನಗರ, ಮಾಗಡಿ, ಕನಕಪುರದ ಕಡೆಯವರಿಗೆ ಅದು ಏನೆಂದು ಹೇಳಬೇಕಾಗಿಲ್ಲ. ಪಕ್ಕದ ಹುಳುಮನೆಯಲ್ಲಿ ಕೊನೆಯ ಹಂತದ ರೇಷ್ಮೆ ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ನಮಗೆ ಅದು ಹುಟ್ಟಿನಿಂದ ಕೇಳಿದ ಜೋಗುಳ. ನಗರದ ಹದಿಮೂರನೆಯ ಅಂತಸ್ತಿನಲ್ಲಿ ಬೆಳೆದ ಮಗುವಿಗೆ ಅದು ಕತ್ತಲೆಯಲ್ಲಿ ಯಾವುದೋ ಪ್ರಾಣಿ ಹರಿದಾಡುವ ಸದ್ದು. ಅಕ್ಕನ ಅಳುವಿಗೆ ತಮ್ಮನೂ ಎದ್ದ. ಅನಂತರದ ಎರಡು ಗಂಟೆಗಳನ್ನು ವಿವರಿಸಬೇಕಾಗಿಲ್ಲ.

ಮಗು ಅತ್ತರೆ ನಮ್ಮ ಊರುಗಳಲ್ಲಿ ಸಲಹೆಗೆ ಕೊರತೆಯಿಲ್ಲ. ಹುಳುಗಳಿಗೆ ಸೊಪ್ಪು ಹಾಕಲು ಎದ್ದಿದ್ದ ನೆರೆಮನೆಯಾಕೆ ಬಾಗಿಲಿಗೆ ಬಂದರು. ಉಪ್ಪು ಮೆಣಸಿನಕಾಯಿ ನಿವಾಳಿಸಿದರು. ಅದರಿಂದ ಯಾರಿಗೂ ಕೆಡುಕಿಲ್ಲ, ಸುಮ್ಮನಿದ್ದೆ. ಆಮೇಲೆ ತಮ್ಮ ಮನೆಯಿಂದ ಶೀತದ ಔಷಧಿಯ ಶೀಷೆಯೊಂದನ್ನು ತಂದರು. "ಮೇಡಮ್ಮೋರೇ, ಅರ್ಧ ಮುಚ್ಚಳ ಹಾಕಿ, ಬೆಳಗಾನ ಮಿಸುಕಾಡಲ್ಲ ನೋಡಿ. ನಮ್ಮುಡುಗ್ರನ್ನ ಬಸ್ಸಲ್ಲಿ ಕರ್ಕೊಂಡೋಗೋವಾಗ ಇದನ್ನೇ ಹಾಕೋದು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಮಗಳು ಶೀಷೆಯನ್ನು ಕೈಗೆ ತೆಗೆದುಕೊಂಡಳು. ಎರಡು ರಾತ್ರಿ ಪ್ರಯಾಣದ ಸಿದ್ಧತೆಯಲ್ಲಿ ನಿದ್ದೆಗೆಟ್ಟು, ಮೂರನೆಯ ರಾತ್ರಿ ಒಂದು ಗಂಟೆಗೆ ಮಗುವನ್ನು ಹೊತ್ತು ನಿಂತವಳ ಕೈಯಲ್ಲಿ ಅರ್ಧ ಮುಚ್ಚಳದ ಪರಿಹಾರ ಎಷ್ಟು ಭಾರವಾಗಿರುತ್ತದೆ ಎಂಬುದು ಆ ಸ್ಥಿತಿಯಲ್ಲಿ ನಿಂತವರಿಗೇ ಗೊತ್ತು. ನಾನು ಶೀಷೆಯನ್ನು ಅವಳ ಕೈಯಿಂದ ತೆಗೆದು, ಮೆಲ್ಲನೆ ಹಿಂದಿರುಗಿಸಿದೆ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು; ಏಕೆಂದರೆ ಪ್ರಯಾಣಕ್ಕೆ ಹೊರಡುವಾಗ ಚೀಲದಲ್ಲಿ ಇಂಥ ಶೀಷೆಯೊಂದನ್ನು ಇಟ್ಟುಕೊಳ್ಳುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಶೀತ ಕೆಮ್ಮಿನ ಅನೇಕ ಔಷಧಿಗಳಲ್ಲಿ ಮಂಪರು ತರಿಸುವ ಅಂಶವಿರುತ್ತದೆ. ಆ ಮಂಪರು ಔಷಧಿಯ ಅಡ್ಡಪರಿಣಾಮವೇ ಹೊರತು ನಿದ್ದೆಯಲ್ಲ. ಕೆಲವು ಮಕ್ಕಳಲ್ಲಿ ಅದು ತಲೆಕೆಳಗಾಗಿ ಕೆಲಸಮಾಡಿ, ಮಲಗಬೇಕಾದ ಮಗು ಇನ್ನಷ್ಟು ಕೆರಳುವುದೂ ಉಂಟು. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಎಂಬ ಎರಡು ಅಂಶಗಳು ಕೂಡಿದ ಔಷಧಿಯನ್ನು ನಾಲ್ಕು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೊಡಬಾರದೆಂದು ಶೀಷೆಯ ಮೇಲೆಯೇ ಅಚ್ಚುಮಾಡಬೇಕೆಂದು 2023ರ ಡಿಸೆಂಬರ್‌ನಲ್ಲಿ ದೇಶದ ಔಷಧ ನಿಯಂತ್ರಕರು ಆದೇಶಿಸಿದ್ದರು. ನಮ್ಮ ಮನೆಯ ಮಕ್ಕಳಿಬ್ಬರೂ ಆ ವಯಸ್ಸಿನ ಕೆಳಗಿನವರೇ. ಅನಂತರ 2025ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಿಂದ ಬಂದ ಸುದ್ದಿಯನ್ನು ಯಾವ ತಾಯಿಯೂ ಮರೆಯಲಾರಳು. ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಔಷಧಿಯನ್ನು ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ಮಕ್ಕಳಿಗೆ ಅದನ್ನು ಕೊಟ್ಟದ್ದು ಕಾಯಿಲೆಗೆ, ನಿದ್ದೆಗಲ್ಲ. ಆ ವ್ಯತ್ಯಾಸವನ್ನು ನಾನು ಮರೆಮಾಚುವುದಿಲ್ಲ. ಆದರೆ ಅದೇ ತಿಂಗಳು ಕೇಂದ್ರ ಆರೋಗ್ಯ ಇಲಾಖೆಯವರು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಔಷಧಿಯನ್ನು ಬರೆಯಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ತಿಳಿಸಿದರು. ಕಾಯಿಲೆ ಇದ್ದಾಗಲೇ ಬೇಡವೆಂದ ವಸ್ತುವನ್ನು ಕಾಯಿಲೆಯಿಲ್ಲದ ಮಗುವಿಗೆ, ಹಿರಿಯರ ಅನುಕೂಲಕ್ಕಾಗಿ, ಚಲಿಸುವ ಬಸ್ಸಿನಲ್ಲಿ ಅಂದಾಜಿನ ಅಳತೆಯಲ್ಲಿ ಹಾಕುವುದನ್ನು ಏನೆಂದು ಕರೆಯಬೇಕು?

ಹಳೆಯ ಕಾಲದವರು ಏನನ್ನೂ ಕೊಡುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಕೊಡುತ್ತಿದ್ದರು. ಸಾಣೆಕಲ್ಲಿನ ಮೇಲೆ ಬಜೆ, ಜಾಯಿಕಾಯಿಗಳನ್ನು ತಾಯಿಯ ಹಾಲಿನಲ್ಲಿ ತೇದು ನೆಕ್ಕಿಸುತ್ತಿದ್ದರು. ನನ್ನ ಅಜ್ಜಿಗೆ ಅದರ ಅಳತೆ ಗೊತ್ತಿತ್ತು. ಕಲ್ಲಿನ ಮೇಲೆ ಎಷ್ಟು ಸುತ್ತು ತಿರುಗಿಸಬೇಕು ಎಂಬುದೇ ಅವರ ಲೆಕ್ಕ; ಜಾಯಿಕಾಯಿಗೆ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸಿದ ಸೊಸೆಯನ್ನು ಅವರು ಗದರಿದ್ದನ್ನು ಕಂಡಿದ್ದೇನೆ. ಜಾಯಿಕಾಯಿ ಹೆಚ್ಚಾದರೆ ವಿಷವಾಗುತ್ತದೆ ಎಂಬುದು ಅವರಿಗೆ ಯಾವ ಪುಸ್ತಕವೂ ಇಲ್ಲದೆ ತಿಳಿದಿತ್ತು. ಇಂದು ಅದೇ ಜಾಯಿಕಾಯಿ ಪುಡಿಯಾಗಿ ಡಬ್ಬಿಯಲ್ಲಿ ಸಿಗುತ್ತದೆ, ಅಳತೆಗೆ ಚಮಚ ಬಂದಿದೆ, ಅಜ್ಜಿ ಇಲ್ಲ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡವೆಂದು ವೈದ್ಯರು ಹೇಳುವುದನ್ನೇ ಪಾಲಿಸುವುದು ಲೇಸೆಂದು ನನ್ನ ಅಭಿಪ್ರಾಯ.

ಇಷ್ಟಕ್ಕೂ ಹೊಸ ಜಾಗದಲ್ಲಿ ಮಗು ಏಕೆ ಮಲಗುವುದಿಲ್ಲ? ಹಟವೆಂದು ಹೇಳಿಬಿಡುವುದು ಸುಲಭ. ಆದರೆ ನಮಗೇ ಮಗಳ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲವಲ್ಲ, ಆಗ ನಾವು ಹಟ ಮಾಡುತ್ತಿರುತ್ತೇವೆಯೇ? ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ ಮಸಾಕೊ ತಮಾಕಿ, ಯುಕಾ ಸಸಾಕಿ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಅಪರಿಚಿತ ಸ್ಥಳದಲ್ಲಿ ಮಲಗಿದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಆಳವಾಗಿ ನಿದ್ರಿಸುವುದಿಲ್ಲ. ಸಣ್ಣ ವಿಚಿತ್ರ ಸದ್ದಿಗೂ ಅದು ಬೇಗನೆ ಎಚ್ಚರಗೊಳ್ಳುತ್ತದೆ. ಅದೇ ಜನ ಮತ್ತೊಮ್ಮೆ ಅದೇ ಸ್ಥಳದಲ್ಲಿ ಮಲಗಿದಾಗ ಆ ವ್ಯತ್ಯಾಸ ಕಾಣಲಿಲ್ಲ. ಡಾಲ್ಫಿನ್‌ಗಳೂ ಕೆಲವು ಹಕ್ಕಿಗಳೂ ಅರ್ಧ ಮಿದುಳಿನಿಂದ ನಿದ್ರಿಸಿ ಅರ್ಧದಿಂದ ಕಾವಲು ಕಾಯುತ್ತವೆಯಂತೆ. ಮನುಷ್ಯನಲ್ಲಿಯೂ ಆ ಕಾವಲುಗಾರನ ಒಂದು ಎಳೆ ಉಳಿದಿದೆ ಎಂದಾಯಿತು. ಆ ಪರೀಕ್ಷೆ ನಡೆದದ್ದು ವಯಸ್ಕರ ಮೇಲೆ, ಮಕ್ಕಳ ಮೇಲಲ್ಲ. ಆದರೂ ಲೋಕವನ್ನು ತಿಳಿದ ದೊಡ್ಡವರ ಸ್ಥಿತಿಯೇ ಹೀಗಿರುವಾಗ, ತನ್ನ ಕೋಣೆಯೊಂದನ್ನು ಬಿಟ್ಟು ಬೇರೆ ಲೋಕವನ್ನರಿಯದ ಮಗು ಕಣ್ಣು ತೆರೆದುಕೊಂಡು ಕಾವಲು ಕುಳಿತದ್ದರಲ್ಲಿ ಆಶ್ಚರ್ಯವೇನು?

ಮರುದಿನ ಬೆಳಿಗ್ಗೆ ಮಗಳು ಊರಿಗೆ ಹಿಂದಿರುಗುವ ಮಾತನಾಡಿದಳು. ಹತ್ತು ದಿನಕ್ಕೆಂದು ಬಂದವಳು ಒಂದೇ ರಾತ್ರಿಗೆ ಸೋತಿದ್ದಳು. ಅವಳ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಸಿಗುವ ರಜೆ ಅದು. ಆಕೆಯ ತಂದೆಗೆ ಆ ವರ್ಷ ಆರೋಗ್ಯ ಅಷ್ಟಕ್ಕಷ್ಟೆ, ಮೊಮ್ಮಕ್ಕಳನ್ನು ನೋಡಬೇಕೆಂದು ತಿಂಗಳಿನಿಂದ ಕಾದಿದ್ದರು. ಅವರು ಏನೂ ಹೇಳಲಿಲ್ಲ. ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಪತ್ರಿಕೆಯ ಒಂದೇ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದರು. "ಇವತ್ತೊಂದು ರಾತ್ರಿ ನೋಡೋಣಮ್ಮ" ಎಂದು ಮಗಳನ್ನು ಒಪ್ಪಿಸಿದೆ.

ಶಾಲೆಗೆ ಹೊಸದಾಗಿ ಸೇರಿದ ಮಗುವಿಗೆ ನಾವು ಮೊದಲ ದಿನ ಪಾಠ ಹೇಳುವುದಿಲ್ಲ. ಬಾವಿ ಎಲ್ಲಿದೆ, ಗಂಟೆ ಎಲ್ಲಿ ನೇತುಹಾಕಿದೆ, ಶೌಚಾಲಯಕ್ಕೆ ದಾರಿ ಯಾವುದು ಎಂದು ಕೈಹಿಡಿದು ತೋರಿಸುತ್ತೇವೆ. ಅದನ್ನೇ ಮನೆಯಲ್ಲಿ ಮಾಡಿದೆ. ಹಿರಿಯವಳ ಕೈಹಿಡಿದು, ರಾತ್ರಿ ಕೇಳಿದ ಸದ್ದುಗಳನ್ನೆಲ್ಲ ಹಗಲಿನಲ್ಲಿ ಹುಡುಕಲು ಹೊರಟೆವು. ಹಲ್ಲಿ ಮಾಡಿನ ಸಂದಿಯಲ್ಲಿ ಸಿಕ್ಕಿತು. ಬೊಗಳಿದ ನಾಯಿ ಬಾಲವಾಡಿಸಿಕೊಂಡು ತಾನಾಗಿಯೇ ಬಂತು. ಕೊನೆಗೆ ಹುಳುಮನೆಗೆ ಹೋದೆವು. ಹೊರಗಿನವರನ್ನು ಅಲ್ಲಿ ಸುಲಭವಾಗಿ ಒಳಕ್ಕೆ ಬಿಡುವುದಿಲ್ಲ. ಹುಳುವಿಗೆ ರೋಗ ತಗುಲಿದರೆ ಇಡೀ ಬೆಳೆ ಹೋಗುತ್ತದೆ. ಕಾಲು ತೊಳೆದು, ಬಾಗಿಲಲ್ಲಿಯೇ ನಿಂತು ನೋಡಿದೆವು. ನೆರೆಮನೆಯಾಕೆ ಹೊಸ ಸೊಪ್ಪು ಹಾಸಿದರು. ಕ್ಷಣ ಕಳೆಯುವಷ್ಟರಲ್ಲಿ ಆ ತುಂತುರು ಮಳೆಯ ಸದ್ದು ಎದ್ದಿತು. ಮಗು ನನ್ನ ಸೆರಗು ಹಿಡಿದುಕೊಂಡು ಬಹಳ ಹೊತ್ತು ಕೇಳಿತು. "ಅಜ್ಜಿ, ಇವು ರಾತ್ರೀನೂ ಊಟ ಮಾಡ್ತಾವಾ?" ಎಂದಿತು. "ಮಾಡ್ತಾವೆ, ಬೇಗ ದೊಡ್ಡವಾಗಬೇಕಲ್ಲ" ಎಂದೆ.

ಅಲ್ಲಿ ನಿಂತಿದ್ದಾಗ ನನಗೆ ಇನ್ನೊಂದು ಸಂಗತಿ ಹೊಳೆಯಿತು. ರೇಷ್ಮೆ ಹುಳು ಗೂಡು ಕಟ್ಟುವುದಕ್ಕೆ ಮುಂಚೆ ನಾಲ್ಕು ಬಾರಿ ಪೊರೆ ಬಿಡುತ್ತದೆ. ನಮ್ಮ ರೈತರು ಅದನ್ನು ಜ್ವರವೆನ್ನುತ್ತಾರೆ. ಹುಳು ಜ್ವರಕ್ಕೆ ಕೂತಾಗ ತಲೆ ಎತ್ತಿ, ಮೇವು ಬಿಟ್ಟು, ಹೆಚ್ಚುಕಡಿಮೆ ಒಂದು ದಿನ ಅಲುಗಾಡದೆ ಇರುತ್ತದೆ. ಆಗ ಸೊಪ್ಪು ಹಾಕುವುದಿಲ್ಲ; ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿ ಉದುರಿಸುತ್ತಾರೆ; ಗಾಳಿ ಆಡುವಂತೆ ನೋಡಿಕೊಳ್ಳುತ್ತಾರೆ; ತಟ್ಟೆಗಳನ್ನು ಎತ್ತಿ ಇಳಿಸಿ ಕದಲಿಸುವುದಿಲ್ಲ. ಎಲ್ಲ ಹುಳುಗಳೂ ಎದ್ದ ಮೇಲೆಯೇ ಮೇವು. ಈ ಶಿಸ್ತನ್ನು ನಮ್ಮೂರಿನ ಓದುಬರಹ ಬಾರದ ಹೆಂಗಸರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಅದೇ ಮನೆಗಳಲ್ಲಿ ಪ್ರವಾಸಕ್ಕೆ ಹೊರಟ ದಿನ ಮಗು ಮಧ್ಯಾಹ್ನ ಮಲಗಿತೇ, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಬಿತ್ತೇ ಎಂದು ಕೇಳುವವರು ಕಡಿಮೆ. ಹುಳುವಿನ ನಿದ್ದೆಗೆ ಗೂಡಿನ ಬೆಲೆ ಇದೆ, ಮಗುವಿನ ನಿದ್ದೆಗೆ ಮಾರುಕಟ್ಟೆಯಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಲೆಕ್ಕ ಹಾಕಿ ನೋಡಿದರೆ ದಿನದ ಅರ್ಧ ಭಾಗ. ಪ್ರವಾಸದ ಯೋಜನೆ ಹಾಕುವ ಯಜಮಾನರು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತರವರೆಗೆ ಏಳು ಸ್ಥಳಗಳನ್ನು ಕಾಣಿಸುವ ಉತ್ಸಾಹದಲ್ಲಿ ಈ ಅರ್ಧ ಭಾಗವನ್ನು ಎಲ್ಲಿಂದ ಕತ್ತರಿಸುತ್ತಾರೆ ಎಂಬುದು ನನಗಿನ್ನೂ ಅರ್ಥವಾಗಿಲ್ಲ. ಇನ್ನೊಂದು ವಿಚಿತ್ರವೆಂದರೆ, ದಣಿದ ಮಗು ಚೆನ್ನಾಗಿ ಮಲಗುತ್ತದೆ ಎಂಬ ನಂಬಿಕೆ. ಹದವಾಗಿ ದಣಿದರೆ ಹೌದು. ಮಿತಿಮೀರಿ ದಣಿದ ಮಗು ನಿದ್ದೆಯ ಹೊತ್ತನ್ನು ದಾಟಿಬಿಡುತ್ತದೆ. ಆಮೇಲೆ ಅದು ಕುಣಿಯುವುದನ್ನು ಕಂಡು ಇನ್ನೂ ಚೈತನ್ಯವಿದೆ ಎಂದು ನಾವು ತಿಳಿಯುತ್ತೇವೆ.

ಅಂದು ನಾವು ಸಂಜೆ ನಾಲ್ಕರ ಮೇಲೆ ಮಕ್ಕಳನ್ನು ಮಲಗಗೊಡಲಿಲ್ಲ. ಬೆಂಗಳೂರಿನ ಮನೆಯಲ್ಲಿ ನಡೆಯುವ ಕ್ರಮವನ್ನು ಮಗಳಿಂದ ಕೇಳಿ ತಿಳಿದು, ಅದೇ ಕ್ರಮದಲ್ಲಿ ನಡೆಸಿದೆವು. ಬೆಚ್ಚನೆಯ ನೀರಿನ ಸ್ನಾನ, ಊಟ, ಒಂದು ಕಥೆ, ಎಲ್ಲರೂ ಕೂಡಿ ಮಾಡುವ ಪ್ರಾರ್ಥನೆ, ಆಮೇಲೆ ದೀಪ ಸಣ್ಣದಾಗಬೇಕು. ಸ್ಥಳ ಬದಲಾದರೂ ಸರದಿ ಬದಲಾಗದಿದ್ದರೆ ಮಗುವಿಗೆ ಮುಂದೇನು ಎಂಬುದು ತಿಳಿದಿರುತ್ತದೆ. ಮೊಬೈಲನ್ನು ಅಟ್ಟದ ಮೇಲಿಟ್ಟೆವು. ಅಳಿಯಂದಿರದ್ದನ್ನೂ ಇಡಿಸಿದ್ದು ಸ್ವಲ್ಪ ಕಷ್ಟದ ಕೆಲಸವಾಯಿತು.

ಹಿರಿಯವಳ ಹಾಸಿಗೆಗೆ ನಾನು ಒಗೆದು ಮಡಿಸಿಟ್ಟಿದ್ದ ಹೊಸ ಹೊದಿಕೆಯನ್ನು ತೆಗೆದು, ಅವಳದೇ ಹಳೆಯ ಹೊದಿಕೆಯನ್ನು ಒಗೆಯದೆ ಹಾಗೆಯೇ ಹಾಸಿದೆವು. ಅದರಲ್ಲಿ ಅವಳ ಮನೆಯ ವಾಸನೆಯಿತ್ತು. ಡೊನಾಲ್ಡ್ ವಿನಿಕಾಟ್ ಎಂಬ ಇಂಗ್ಲೆಂಡಿನ ಮಕ್ಕಳ ವೈದ್ಯರು 1951ರಷ್ಟು ಹಿಂದೆಯೇ ಈ ಸಂಗತಿಯನ್ನು ಕುರಿತು ಮಾತನಾಡಿದ್ದರು. ತಾಯಿ ಬಳಿಯಿಲ್ಲದ ಹೊತ್ತಿನಲ್ಲಿ ಮಗು ಒಂದು ಹಳೆಯ ಬಟ್ಟೆಯ ಚೂರನ್ನೋ ಮೆತ್ತನೆಯ ಗೊಂಬೆಯನ್ನೋ ಅಪ್ಪಿಕೊಂಡು ಧೈರ್ಯ ತಂದುಕೊಳ್ಳುತ್ತದೆ, ಅದನ್ನು ಕಸಿಯಬಾರದು, ಒಗೆದರೂ ಮಗುವಿಗೆ ಅದು ಅದೇ ವಸ್ತುವಾಗಿ ಉಳಿಯದು ಎಂಬುದು ಅವರ ವಿಚಾರದ ಸಾರ. ದಾರಿಯಲ್ಲಿ ಚನ್ನಪಟ್ಟಣದ ಬೊಂಬೆಯೊಂದನ್ನು ನಾನು ಮುಂಚೆಯೇ ಕೊಂಡಿರಿಸಿದ್ದೆ. ಹಾಲೆ ಮರವನ್ನು ಕಡೆದು, ತಿರುಗುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹೊಳಪು ಬರಿಸಿದ ಆ ಕೆಲಸಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಹಗಲೆಲ್ಲ ಅದರೊಡನೆ ಆಡಿದ ಮಗು ಮಲಗುವಾಗ ಕೇಳಿದ್ದು ಅಪ್ಪನ ಒಂದು ಹರಕು ಟವಲನ್ನು. ಮರದ ಬೊಂಬೆ ಗಟ್ಟಿಯಾದದ್ದು, ರಾತ್ರಿ ಮೈಕೆಳಗೆ ಸಿಕ್ಕಿದರೆ ನೋಯುತ್ತದೆ. ಮಗುವಿನ ಆಯ್ಕೆಯೇ ಸರಿ.

ಕಿರಿಯವನಿಗೆ ಹಳೆಯ ಸೀರೆಯ ಜೋಲಿ ಕಟ್ಟಿದೆವು. ಜೋಲಿಯ ಗುಣವನ್ನು ಹೊಗಳದ ಅಜ್ಜಿ ನಮ್ಮ ಸೀಮೆಯಲ್ಲಿಲ್ಲ. ತೋಟದ ಕೆಲಸಕ್ಕೆ ಹೋದ ತಾಯಂದಿರು ಹುಣಸೆಯ ಕೊಂಬೆಗೆ ಜೋಲಿ ಕಟ್ಟಿ ಎಷ್ಟು ತಲೆಮಾರುಗಳನ್ನು ಬೆಳೆಸಿದ್ದಾರೆ! ಆದರೆ ಆ ಜೋಲಿಯ ಪಕ್ಕದಲ್ಲಿ ಯಾವಾಗಲೂ ತೂಗುವ ಒಂದು ಕೈ ಇರುತ್ತಿತ್ತು. ತಾಯಿಯಲ್ಲದಿದ್ದರೆ ಹತ್ತು ವರ್ಷದ ಅಕ್ಕ. ರಾತ್ರಿಯಿಡೀ ಯಾರೂ ನೋಡದೆ ಮಗುವನ್ನು ಅದರಲ್ಲಿ ಬಿಡುವುದು ತರವಲ್ಲ. ಬಟ್ಟೆ ಮೂಗಿಗೆ ಅಡ್ಡಬರಬಹುದು, ಎಳೆಯ ಮಗುವಿನ ಗದ್ದ ಎದೆಗೆ ಒತ್ತಿ ಉಸಿರು ಕಟ್ಟಬಹುದು. ಅದಕ್ಕಾಗಿ ನಿದ್ದೆ ಹತ್ತುವವರೆಗೆ ಜೋಲಿ, ಆಮೇಲೆ ನೆಲದ ಚಾಪೆ, ಸೊಳ್ಳೆಪರದೆ. ಒಂದು ವರ್ಷದೊಳಗಿನ ಕೂಸಾದರೆ ಅಂಗಾತ ಮಲಗಿಸಿ, ಸುತ್ತಮುತ್ತ ದಿಂಬು ದಪ್ಪ ಹೊದಿಕೆ ಇಲ್ಲದಂತೆ ನೋಡಿಕೊಳ್ಳಬೇಕು. ವಸತಿಗೃಹಗಳ ಎತ್ತರದ ಮಂಚಕ್ಕಿಂತ ನಮ್ಮ ನೆಲದ ಹಾಸಿಗೆ ಎಷ್ಟೋ ಮೇಲು, ಬೀಳುವ ಭಯವಿಲ್ಲ. ಬೀಳಬಾರದೆಂದು ಮಂಚವನ್ನು ಗೋಡೆಗೆ ತಳ್ಳಿದಾಗ ನಡುವೆ ಉಳಿಯುವ ಸಂದಿ ಬೀಳುವುದಕ್ಕಿಂತಲೂ ಅಪಾಯಕರವೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಅಂಥ ಕಡೆ ಹಾಸಿಗೆಯನ್ನೇ ನೆಲಕ್ಕೆ ಇಳಿಸಿಕೊಳ್ಳಬಹುದು. ಕೋಣೆಯ ಹುಡುಗ ಏನೆಂದುಕೊಂಡಾನೋ ಎಂಬ ಸಂಕೋಚ ಬೇಡ.

ಆ ರಾತ್ರಿ ಸೊಪ್ಪಿನ ಸದ್ದು ಎದ್ದಾಗ ಹಿರಿಯವಳು ಕತ್ತಲೆಯಲ್ಲಿ ಒಮ್ಮೆ ತಲೆ ಎತ್ತಿದಳು. "ಹುಳ ಊಟಕ್ಕೆ ಕೂತ್ವು" ಎಂದು ತನಗೆ ತಾನೇ ಹೇಳಿಕೊಂಡು ಮಗ್ಗುಲಾದಳು. ಒಂಬತ್ತೂ ಕಾಲಿರಬೇಕು. ಕಿರಿಯವನು ನಡುವೆ ಒಮ್ಮೆ ಎದ್ದು ಹಾಲು ಕುಡಿದು ಮಲಗಿದ. ಮೂರನೆಯ ರಾತ್ರಿ ಅದೂ ಇಲ್ಲ.

ನಮ್ಮ ಬಾಲ್ಯದಲ್ಲಿ ಈ ಸಮಸ್ಯೆಯೇ ಇರಲಿಲ್ಲ ಎಂದು ನನ್ನ ವಯಸ್ಸಿನವರು ಹೇಳುವುದುಂಟು. 1960ರ ದಶಕದಲ್ಲಿ ನಾವು ಅಜ್ಜಿಯ ಊರಿಗೆ ಹೋಗುತ್ತಿದ್ದುದು ಕಮಾನು ಗಾಡಿಯಲ್ಲಿ. ಬಿಸಿಲು ತಪ್ಪಿಸಲೆಂದು ಸಂಜೆ ಹೊರಟು ರಾತ್ರಿಯೆಲ್ಲ ಹೋಗುವುದು. ಗಾಡಿಯ ತಳಕ್ಕೆ ನೆಲ್ಲುಹುಲ್ಲು, ಅದರ ಮೇಲೆ ಕಂಬಳಿ, ಅಚ್ಚಿನ ಕೆಳಗೆ ತೂಗುವ ಲಾಟೀನು, ಎತ್ತಿನ ಕೊರಳ ಗೆಜ್ಜೆ. ಒಂದೇ ಲಯದಲ್ಲಿ ಅಲುಗುವ ಗಾಡಿ ತಾನೇ ಒಂದು ತೊಟ್ಟಿಲಾಗಿತ್ತು, ನಾವು ಮಲಗಿದ್ದು ನಿಜ. ಆದರೆ ಅಮ್ಮ ಮಲಗಿದ್ದನ್ನು ನಾನು ನೋಡಿಲ್ಲ. ಎಚ್ಚರವಾದಾಗಲೆಲ್ಲ ಅವರು ಗಾಡಿಯ ಹಿಂಬದಿಗೆ ಬೆನ್ನು ಕೊಟ್ಟು, ನಾವು ಜಾರಿ ಬೀಳದಂತೆ ಕಾಲು ಅಡ್ಡವಿಟ್ಟು ಕುಳಿತಿರುತ್ತಿದ್ದರು. ಸಮಸ್ಯೆ ಇರಲಿಲ್ಲ ಎಂಬ ಮಾತನ್ನು ಅವರ ಬಾಯಿಂದ ಕೇಳಬೇಕಾಗಿತ್ತು.

ಇಂದಿನ ಗಾಡಿಗಳು ವೇಗದವು, ಕಾಲು ಅಡ್ಡವಿಟ್ಟರೆ ಸಾಲದು. ಹದಿನಾಲ್ಕು ವರ್ಷದೊಳಗಿನ ಮಗುವಿಗೆ ಕಾರಿನಲ್ಲಿ ಪಟ್ಟಿಯನ್ನೋ ಮಕ್ಕಳ ಆಸನವನ್ನೋ ಬಳಸದಿದ್ದರೆ ಸಾವಿರ ರೂಪಾಯಿ ದಂಡವೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಆದರೂ ಮುಂದಿನ ಆಸನದಲ್ಲಿ ತಾಯಿಯ ತೊಡೆಯ ಮೇಲೆ ನಿದ್ರಿಸುವ ಮಗುವನ್ನು ದಿನವೂ ಕಾಣುತ್ತೇವೆ. ತಾಯಿಯ ಮಡಿಲಿಗಿಂತ ಸುರಕ್ಷಿತವಾದ ಜಾಗ ಯಾವುದೆಂದು ಕೇಳಿದರೆ ಕವಿತೆಯಲ್ಲಿ ಉತ್ತರವಿಲ್ಲ. ತಟ್ಟನೆ ಬ್ರೇಕು ಹಾಕಿದ ಕಾರಿನಲ್ಲಿ ಇದೆ. ಮಕ್ಕಳು ದಾರಿಯುದ್ದಕ್ಕೂ ಮಲಗಿರಲಿ ಎಂದು ನಡುರಾತ್ರಿ ಎರಡಕ್ಕೋ ಮೂರಕ್ಕೋ ಹೊರಡುವ ಪದ್ಧತಿಯೂ ಬೆಳೆದಿದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ರಾಮನಗರ, ಚನ್ನಪಟ್ಟಣಗಳನ್ನು ಊರೊಳಗೆ ಹೋಗದೆ ದಾಟಬಹುದು. ರಸ್ತೆ ನುಣುಪು, ಸದ್ದಿಲ್ಲ, ತಿರುವಿಲ್ಲ. ಮಕ್ಕಳು ಮಲಗುತ್ತಾರೆ, ಸರಿ. ಹಗಲೆಲ್ಲ ದುಡಿದು ರಾತ್ರಿ ಚಕ್ರ ಹಿಡಿದ ತಂದೆಗೂ ಅಲ್ಲಿ ಅದೇ ಜೋಗುಳ ಕೇಳಿಸುತ್ತದೆ. ಈ ಒಂದು ವಿಷಯದಲ್ಲಿ ನಾನು ಅಳಿಯಂದಿರೊಡನೆ ನಿಷ್ಠುರವಾಗಿಯೇ ಮಾತನಾಡಿದ್ದೇನೆ. ಮಕ್ಕಳು ಹಗಲಿನಲ್ಲಿ ಎಚ್ಚರವಿದ್ದು ಹತ್ತು ಸಲ ಅಳಲಿ, ಹತ್ತು ಸಲ ಗಾಡಿ ನಿಲ್ಲಲಿ, ಅಡ್ಡಿಯಿಲ್ಲ.

ಆ ವರ್ಷದ ಡಿಸೆಂಬರ್‌ನಲ್ಲಿ ಎಲ್ಲರೂ ಕೂಡಿ ಕರಾವಳಿಗೆ ಹೋದಾಗ ರೈಲನ್ನೇ ಆರಿಸಿಕೊಂಡೆವು. ರಾತ್ರಿ ಬೆಂಗಳೂರು ಬಿಟ್ಟು ಹಾಸನ, ಸಕಲೇಶಪುರದ ಮಾರ್ಗವಾಗಿ ಘಟ್ಟ ಇಳಿಯುವ ರೈಲು. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ, ಅಂತೆಯೇ ಮಲಗಲು ಜಾಗವೂ ಇಲ್ಲ. ತಾಯಿ ಮಗು ಇಬ್ಬರೂ ಒಂದೇ ಕಿರಿದಾದ ಹಲಗೆಯ ಮೇಲೆ ಮಲಗಬೇಕು. ಮಲಗುವುದು ಮಗು, ಅಂಚಿನಲ್ಲಿ ತೂಗುವುದು ತಾಯಿ. 2022ರ ಮೇ ತಿಂಗಳಲ್ಲಿ ಲಕ್ನೋ ಮೇಲ್ ರೈಲಿನಲ್ಲಿ ಕೆಳಗಿನ ಹಲಗೆಗೆ ಮಡಚಬಹುದಾದ ಪುಟ್ಟ ಹಲಗೆಯೊಂದನ್ನು ಜೋಡಿಸಿ, ಕೂಸಿಗೆಂದೇ ಜಾಗ ಮಾಡಿದ ಪ್ರಯೋಗದ ಸುದ್ದಿ ಓದಿ ಸಂತೋಷಪಟ್ಟಿದ್ದೆ. ನಾವು ಹೋದ ರೈಲಿನಲ್ಲಿ ಅಂಥದ್ದೇನೂ ಇರಲಿಲ್ಲ. ನಾವು ಹಿರಿಯವಳಿಗೂ ದುಡ್ಡು ಕೊಟ್ಟು ಪ್ರತ್ಯೇಕ ಜಾಗ ಪಡೆದೆವು. ದಂಡವೆಂದು ನನ್ನ ಯಜಮಾನರು ಗೊಣಗಿದರು. ರಾತ್ರಿ ಹನ್ನೊಂದಕ್ಕೆ ಮಗು ಗೋಡೆಯ ಕಡೆಗೆ ಮುಖಮಾಡಿ ನೀಳವಾಗಿ ಮಲಗಿದ್ದನ್ನು ಕಂಡ ಮೇಲೆ ಸುಮ್ಮನಾದರು. ರೈಲಿನಲ್ಲಿ ಹತ್ತರಿಂದ ಬೆಳಗಿನ ಆರರವರೆಗೆ ಮಲಗುವ ಹೊತ್ತೆಂದು ನಿಯಮವಿದೆ. ದೀಪ ಆರಿಸಿ ಎಂದು ಕೇಳಲು ಸಂಕೋಚಪಡುವ ತಾಯಂದಿರು ಇದನ್ನು ನೆನಪಿಡಬಹುದು. ಹೊರಡುವ ಮುಂಚೆಯೇ ನಾನು ಮಗುವಿಗೆ ರೈಲಿನ ಸದ್ದುಗಳ ಕಥೆ ಹೇಳಿದ್ದೆ, ಸುರಂಗದೊಳಗೆ ಹೊಕ್ಕಾಗ ಸದ್ದು ದಪ್ಪಗಾಗುತ್ತದೆ ಎಂದು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವಷ್ಟರಲ್ಲಿ 57 ಸುರಂಗಗಳಿವೆ. ಅವಳು ಒಂದನ್ನೂ ಕೇಳಲಿಲ್ಲ. ಅಳಿಯಂದಿರು ಅಂದು ಕಿರಿಯವನನ್ನು ಎದೆಯ ಮೇಲೆ ಹಾಕಿಕೊಂಡು ಕಿಟಕಿಗೆ ಒರಗಿ ಕುಳಿತರು, ತಾವು ಕಣ್ಣು ಮುಚ್ಚದೆ. ಎದುರಿನ ಹಲಗೆಯ ಮೇಲೆ ನನ್ನ ಮಗಳು ಮುಸುಕೆಳೆದು ಮಲಗಿದ್ದಳು. ಎರಡು ವರ್ಷದ ಮೇಲೆ ಅಂದು ಆರು ಗಂಟೆ ಒಂದೇ ಸಮನೆ ಮಲಗಿದೆನಮ್ಮ ಎಂದು ಬೆಳಿಗ್ಗೆ ಹೇಳಿದಳು.

ಈ ಬೇಸಿಗೆಗೂ ಬರುತ್ತೇವೆಂದು ಮೊನ್ನೆ ದೂರವಾಣಿಯಲ್ಲಿ ತಿಳಿಸಿದರು. ಹಿರಿಯವಳು ತಾನೇ ಮಾತನಾಡಿದಳು. "ಅಜ್ಜಿ, ಹುಳ ಇದ್ದಾವಾ?" ಎಂಬುದೇ ಮೊದಲ ಪ್ರಶ್ನೆ. ಹುಳುಗಳೆಲ್ಲ ಹಣ್ಣಾಗಿ ಚಂದ್ರಿಕೆಗೆ ಹೋಗಿವೆ, ಇನ್ನೆರಡು ದಿನದಲ್ಲಿ ಗೂಡು ರಾಮನಗರದ ಮಾರುಕಟ್ಟೆಗೆ ಹೊರಡುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ರಾತ್ರಿ ಸದ್ದೇ ಇರಲ್ವಾ? ನಂಗೆ ನಿದ್ದೆ ಹೆಂಗೆ ಬರುತ್ತೆ?" ಎಂದಳು. ಪಕ್ಕದ ಮನೆಯಾಕೆಯನ್ನು ಕೇಳಿದ್ದೇನೆ; ಮುಂದಿನ ಚಾಕಿ ಯಾವಾಗ ತರುತ್ತಾರೆಂದು ತಿಳಿದುಕೊಂಡು ಮಗಳಿಗೆ ದಿನ ಹೇಳಬೇಕಾಗಿದೆ.